ಒಬ್ಬೊಬ್ಬರದು ಒಂದೊಂದು ಎಐ ಟೂಲ್ ಆದರೆ ಸೂಚನೆ ಫೈಲ್ ಹೇಗೆ ಹಂಚಿಕೊಳ್ಳುವುದು?

ತಂಡದಲ್ಲಿ ಕೆಲವರು ಕ್ಲಾಡ್ ಕೋಡ್, ಕೆಲವರು ಕೋಡೆಕ್ಸ್, ಕರ್ಸರ್ ಥರದ ಕೋಡ್ ಬರೆಯುವ ಎಐ ಟೂಲ್ ಬಳಸುತ್ತಾರೆ, ಎಲ್ಲದಕ್ಕೂ ಬೇರೆ ಬೇರೆ ಸೂಚನೆ ಫೈಲ್ (ಈ ಪ್ರಾಜೆಕ್ಟ್‌ನಲ್ಲಿ ಹೇಗೆ ಕೆಲಸ ಮಾಡಬೇಕು ಅಂತ ಎಐಗೆ ಹೇಳುವ ಫೈಲ್) ಬೇಕಾ ಅಂತ ಕೇಳಿದ್ದೀರಿ. ಬೇಡ. ಪ್ರಾಜೆಕ್ಟ್‌ನ ಮೂಲ ಫೋಲ್ಡರ್‌ನಲ್ಲಿ ಏಜೆಂಟ್ಸ್.ಎಂಡಿ ಅನ್ನೋ ಒಂದೇ ಫೈಲ್ ಇಟ್ಟು ಗಿಟ್‌ಗೆ (ತಂಡ ಕೋಡ್ ಹಂಚಿಕೊಳ್ಳುವ ವ್ಯವಸ್ಥೆ) ಸೇರಿಸಿ. ಕೋಡೆಕ್ಸ್, ಕರ್ಸರ್ ಅದನ್ನು ತಾವೇ ಓದುತ್ತವೆ. ಕ್ಲಾಡ್ ಕೋಡ್‌ಗೆ ಮಾತ್ರ ಪಕ್ಕದಲ್ಲೇ ಕ್ಲಾಡ್.ಎಂಡಿ ಮಾಡಿ, ಒಳಗೆ @ಏಜೆಂಟ್ಸ್.ಎಂಡಿ ಅಂತ ಒಂದೇ ಸಾಲು ಹಾಕಿ, ಅದು ಆ ಫೈಲ್ ಅನ್ನೇ ಒಳಗೆ ಎಳೆದುಕೊಳ್ಳುತ್ತೆ (ಹೆಸರೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು: AGENTS.md, CLAUDE.md, @AGENTS.md). ಸಿಮ್‌ಲಿಂಕ್ (ಒಂದು ಹೆಸರಿನಿಂದ ಇನ್ನೊಂದು ಫೈಲ್‌ಗೆ ಕೊಂಡಿ) ಕೂಡ ಆಗುತ್ತೆ, ಆದರೆ ವಿಂಡೋಸ್‌ನಲ್ಲಿ ಸುಮ್ನೆ ತಲೆನೋವು.

ನಿಜವಾದ ಕಷ್ಟ ಇರೋದು ಏನು ಬರೆಯಬೇಕು ಅನ್ನೋದರಲ್ಲಿ. "ಒಳ್ಳೆಯ, ಸ್ವಚ್ಛ ಕೋಡ್ ಬರೆ" ಅಂದರೆ ಏನೂ ಹೇಳಿದಂತಾಗಲಿಲ್ಲ. "ಪ್ಯಾಕೇಜ್ ಹಾಕಲು ಪಿಎನ್‌ಪಿಎಂ ಬಳಸು, ಎನ್‌ಪಿಎಂ ಬೇಡ", "ಮೈಗ್ರೇಷನ್ (ಡೇಟಾಬೇಸ್ ಬದಲಾವಣೆ) ಫೋಲ್ಡರ್‌ನ ಹಳೇ ಫೈಲ್ ತಿದ್ದಬೇಡ, ಹೊಸದು ಸೇರಿಸು" ಅಂತ ಬರೆಯಿರಿ. ಕೋಡ್ ನೋಡಿದರೆ ತಾನೇ ಗೊತ್ತಾಗುವುದನ್ನು ಬಿಡಿ. ಈ ಫೈಲ್ ಪ್ರತಿ ಸೆಷನ್‌ನಲ್ಲೂ ಪೂರ್ತಿ ಲೋಡ್ ಆಗುತ್ತೆ. ಉದ್ದ ಜಾಸ್ತಿ ಆದಷ್ಟೂ ಟೋಕನ್ (ಎಐ ಪಠ್ಯವನ್ನು ಅಳೆಯುವ ತುಣುಕು) ಖರ್ಚು, ಮಧ್ಯದ ಸೂಚನೆಗಳು ಕೈತಪ್ಪುವ ಸಾಧ್ಯತೆಯೂ ಹೆಚ್ಚು. ಫ್ರಂಟ್‌ಎಂಡ್‌ಗೆ (ಬಳಕೆದಾರರಿಗೆ ಕಾಣುವ ಭಾಗ) ಮಾತ್ರ ಬೇಕಾದ ನಿಯಮ ಆ ಫೋಲ್ಡರ್‌ನ ಒಳಗೇ ಇನ್ನೊಂದು ಫೈಲ್‌ನಲ್ಲಿರಲಿ.

"ಉತ್ತರ ಚುಟುಕಾಗಿ ಕೊಡು" ಥರದ ನಿಮ್ಮ ಸ್ವಂತ ಇಷ್ಟಗಳನ್ನು ತಂಡದ ಫೈಲ್‌ಗೆ ತುರುಕಬೇಡಿ. ಕ್ಲಾಡ್ ಕೋಡ್ ಬಳಸುವವರಾದರೆ ಅವಕ್ಕೆ ನಿಮ್ಮ ಹೋಮ್ ಫೋಲ್ಡರ್‌ನ .ಕ್ಲಾಡ್ ಒಳಗೆ ಜಾಗ ಇದೆ. ಪಾಸ್‌ವರ್ಡ್, ಎಪಿಐ ಕೀ ಅಂತೂ ಎಲ್ಲೂ ಬೇಡ.

ತಂಡದ ಫೈಲ್‌ನ ಬದಲಾವಣೆಗಳು ಪುಲ್ ರಿಕ್ವೆಸ್ಟ್ (ಉಳಿದವರು ನೋಡಿ ಒಪ್ಪುವ ಕೋರಿಕೆ) ಮೂಲಕವೇ ಬರಲಿ. ಇನ್ನೊಂದು ಮಾತು: ಸೂಚನೆ ಬರೆದ ಮಾತ್ರಕ್ಕೆ ಎಐ ಪಾಲಿಸಿಯೇ ಪಾಲಿಸುತ್ತೆ ಅಂತಿಲ್ಲ. ಮುರಿಯಲೇಬಾರದ ನಿಯಮವನ್ನು ಲಿಂಟರ್‌ಗೋ (ಕೋಡ್‌ನ ತಪ್ಪು ಹಿಡಿಯುವ ಟೂಲ್) ಸಿಐಗೋ (ಕೋಡ್ ಸೇರಿಸುವಾಗ ತಾನಾಗಿ ನಡೆಯುವ ಪರೀಕ್ಷೆ) ಒಪ್ಪಿಸಿ.