‘ನನ್ನ ತೇಜಸ್ವಿ’ ಬರೆದವರಿಗೆ

ಪ್ರಿಯರೇ,

ಲೇಖಕ ಪೂರ್ಣಚಂದ್ರ ತೇಜಸ್ವಿ ಮತ್ತು ಅವರ ‘ಕರ್ವಾಲೋ’ ಕಾದಂಬರಿಯ ಬಗ್ಗೆ ಸಕಲೇಶಪುರದಿಂದ ನೀವು ಕಳಿಸಿದ ಪ್ರಬಂಧ ಓದಿದೆ. ಭಾಷೆ ಸರಾಗವಾಗಿದೆ, ಮಳೆಗಾಲದ ವಿವರ ಚೆನ್ನಾಗಿದೆ. ಆದರೆ ಎರಡು ಕಡೆ ನನಗೆ ಸಿಟ್ಟು ಬಂತು. ಅವನ್ನಷ್ಟೇ ಹೇಳುತ್ತೇನೆ.

ಎರಡನೇ ಪ್ಯಾರಾದಲ್ಲಿ, ‘ಕರ್ವಾಲೋ ಪಠ್ಯವಾಯಿತೆಂದಾಗ ನನ್ನದೇನನ್ನೋ ಕಿತ್ತುಕೊಂಡಂತಾಯಿತು, ಗೈಡು ಓದಿ ಪಾಸಾಗುವವರಿಗೆ ಮಂದಣ್ಣ ಹೇಗೆ ಅರ್ಥವಾದಾನು?’ ಎಂದಿದ್ದೀರಿ. ಮೊದಲರ್ಧ ಇರಲಿ. ಮೆಚ್ಚಿದ ಲೇಖಕನನ್ನು ಹತ್ತು ಜನರ ಜತೆ ಹಂಚಿಕೊಳ್ಳಬೇಕಾದಾಗ ಹೊಟ್ಟೆ ಉರಿಯುವುದು ಸುಳ್ಳಲ್ಲ. ಉಳಿದರ್ಧ ಹೊಡೆದುಹಾಕಿ. ಕಾದಂಬರಿಯಲ್ಲಿ ಉಳಿದವರು ಲೆಕ್ಕಕ್ಕಿಡದ ಹಳ್ಳಿಗ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೋ ಹುಟ್ಟು ಜೀವವಿಜ್ಞಾನಿಯನ್ನು ಕಾಣುತ್ತಾರೆ. ನಿರೂಪಕನಿಗೆ ಅದನ್ನು ನಂಬಲು ಬಹಳ ಹೊತ್ತು ಬೇಕಾಗುತ್ತದೆ. ಗೈಡು ಓದುವ ಹುಡುಗನ ಮೇಲೆ ನಿಮಗಿರುವುದೂ ಅದೇ ಅನುಮಾನ. ಮನೆಯಲ್ಲಿ ಬೇರೆ ಪುಸ್ತಕವೇ ಇಲ್ಲದ ಮಕ್ಕಳಿಗೆ 1980ರ ಈ ಕಾದಂಬರಿ ಪಠ್ಯವಾಗಿ ಸಿಗದೆ ಇನ್ನು ಹೇಗೆ ಸಿಗಬೇಕು?

ಇನ್ನು ಕೊನೆಯ ಪ್ಯಾರಾ: ‘ಹಾರುವ ಓತಿ ರೆಕ್ಕೆ ಬಡಿಯುತ್ತ ಆಕಾಶಕ್ಕೇರಿತು.’ ತೇಜಸ್ವಿ ನನ್ನವರು ಎನ್ನುವವರು ಈ ಸಾಲು ಬರೆಯಬಾರದು. ಓತಿಗೆ ಬಡಿಯುವ ರೆಕ್ಕೆಯೇ ಇಲ್ಲ. ಉದ್ದನೆಯ ಪಕ್ಕೆಲುಬುಗಳು ಆಚೀಚೆ ಚಾಚಿದಾಗ ಅವುಗಳ ಮೇಲಿನ ಚರ್ಮ ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ಮರದ ಮೇಲಿನಿಂದ ಜಿಗಿದು, ಓರೆಯಾಗಿ ಇಳಿಯುತ್ತ ತೇಲಿ, ಇನ್ನೊಂದು ಮರದ ಕಾಂಡಕ್ಕೆ ಅಂಟಿಕೊಳ್ಳುತ್ತದೆ. ಮತ್ತೆ ಮೇಲೆ ಹೋಗಬೇಕಾದರೆ ಹತ್ತಿಕೊಂಡೇ ಹೋಗಬೇಕು. ಕಾದಂಬರಿಯಲ್ಲೂ ಅದು ಘಟ್ಟದ ಅಂಚಿನಿಂದ ಕಣಿವೆಯತ್ತ ತೇಲಿ ಕಣ್ಮರೆಯಾಗುತ್ತದೆ. ಇದಕ್ಕಾಗಿ ತೇಜಸ್ವಿ ಇದ್ದ ಮೂಡಿಗೆರೆವರೆಗೆ ಹೋಗಬೇಕಿಲ್ಲ, ನಿಮ್ಮ ಸುತ್ತಲಿನ ಅಡಿಕೆ ತೋಟದಲ್ಲೇ ಹುಡುಕಿ. ಬಿಸಿಲೇರಿದ ಮೇಲೆ ಕಾಂಡದ ಮೇಲೆ ಇರುವೆ ತಿನ್ನುತ್ತ ಕೂತಿರುತ್ತದೆ. ಮೈಬಣ್ಣ ತೊಗಟೆಯದ್ದೇ ಆದ್ದರಿಂದ ಸುಲಭಕ್ಕೆ ಕಾಣದು. ಗಂಡು ತನ್ನ ಗಂಟಲಿನ ಹಳದಿ ಚರ್ಮ ಚಾಚಿದಾಗ ಗೊತ್ತಾಗುತ್ತದೆ.

ನಾನು ಕರಡು ತಿದ್ದಲು ಕಲಿಯುತ್ತಿದ್ದಾಗ ಹಿರಿಯ ಉಪಸಂಪಾದಕರೊಬ್ಬರು, ಪ್ರಾಣಿಯೋ ಮರವೋ ಬಂದ ಪ್ರತಿ ಸಾಲಿಗೂ ಪೆನ್ಸಿಲ್ ಗೆರೆ ಎಳೆಸುತ್ತಿದ್ದರು. ಅದು ನಿಜಕ್ಕೂ ಹಾಗೆ ಮಾಡುತ್ತದೆಯೇ ಎಂಬುದಕ್ಕೆ ಉತ್ತರ ಸಿಕ್ಕಿದ ಮೇಲೆಯೇ ಮುಂದಿನ ಸಾಲು. ನೀವೂ ಹಾಗೇ ಗೆರೆ ಎಳೆದು ಮತ್ತೆ ಓದಿ.

ಆಮೇಲೆ ಒಳಗಿನ ‘ನನ್ನವರು’ಗಳನ್ನೆಲ್ಲ ತೆಗೆದು, ಕಾದಂಬರಿಯ ಒಂದೇ ದೃಶ್ಯ ಆರಿಸಿ, ಅದು ನಿಮ್ಮನ್ನು ಹಿಡಿದಿಟ್ಟದ್ದು ಯಾವ ಮಾತಿನಿಂದ ಎಂದು ಬರೆಯಿರಿ. 600 ಪದ ಸಾಕು. ತಿದ್ದಿದ ಪ್ರತಿಗೆ ಕಾಯುತ್ತೇನೆ.

ಸಂಪಾದಕ,
ಹಾಸನ