ಆ ಲೋಕ ನೆರೆಮನೆಯಲ್ಲಿಲ್ಲ

ಉಡುಪಿಯ ಹಿರಿಯ ಕ್ರೈಸ್ತ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಸಭೆಯ ಯುವಕರಿಗೂ ಲೋಕದವರಿಗೂ ಈಗ ವ್ಯತ್ಯಾಸವೇ ಉಳಿದಿಲ್ಲ. ಸಿನಿಮಾ ಬಿಡುವುದಿಲ್ಲ, ಅನ್ಯಧರ್ಮದವರ ಗೃಹಪ್ರವೇಶಕ್ಕೆ ಹೋಗಿ ಉಂಡು ಬರುತ್ತಾರೆ. ಅವರ ಮಧ್ಯದಿಂದ ಹೊರಬಂದು ಪ್ರತ್ಯೇಕವಾಗಿರಿ ಎಂಬ ವಾಕ್ಯವನ್ನು ನಿಮ್ಮ ಪತ್ರಿಕೆಯೂ ಮರೆತಿತೆ?"

ಮರೆತಿಲ್ಲ, ಸ್ವಾಮಿ. ಸತ್ಯವೇದವನ್ನು, ಅಂದರೆ ಬೈಬಲನ್ನು, ಇಷ್ಟು ನಿಷ್ಠೆಯಿಂದ ಓದುವ ನಿಮ್ಮಂಥವರಿರುವುದೇ ಈ ಪತ್ರಿಕೆಯ ಬಲ. ಕಂಡದ್ದೆಲ್ಲ ಬೇಕೆನ್ನುವ ಬದುಕು ವಿಶ್ವಾಸಿಗೆ ಹೇಳಿಸಿದ್ದಲ್ಲ ಎಂಬ ನಿಮ್ಮ ಮಾತೂ ಸರಿಯೇ. ಆದರೆ ನೀವು ಬೇಲಿ ಹಾಕಹೊರಟ ಜಾಗ ತಪ್ಪು.

ಆ ವಾಕ್ಯವನ್ನು ಕೊರಿಂಥ ಪಟ್ಟಣದ ಸಭೆಯವರಿಗೆ ಬರೆದ ಅಪೊಸ್ತಲ ಪೌಲನೇ ಅವರಿಗೆ ಬರೆದ ಮೊದಲ ಪತ್ರದ ಐದನೆಯ ಅಧ್ಯಾಯದಲ್ಲಿ ಏನು ಹೇಳಿದ್ದಾನೆಂದು ದಯವಿಟ್ಟು ಇನ್ನೊಮ್ಮೆ ನೋಡಿ. ಲೋಕದ ಲೋಭಿಗಳನ್ನೂ ವಿಗ್ರಹಾರಾಧಕರನ್ನೂ ದೂರವಿಡುವುದಾದರೆ ಲೋಕವನ್ನೇ ಬಿಟ್ಟು ಹೋಗಬೇಕಾದೀತು ಎನ್ನುತ್ತಾನೆ. ಅವನು ದೂರವಿಡಲು ಹೇಳಿದ್ದು ಸಹೋದರ ಎನಿಸಿಕೊಂಡೂ ಲೋಭಿಯಾಗಿರುವವನನ್ನು. ಈ ಭಾಗದ ಮೇಲೆ ಬೋಧಕರ ಪ್ರಸಂಗ ಕೇಳಿದ ನೆನಪು ನನಗಂತೂ ಇಲ್ಲ.

ದಿಯೋಗ್ನೇತನೆಂಬವನಿಗೆ ಬರೆದ ಹಳೆಯ ಗ್ರೀಕ್ ಪತ್ರವೊಂದಿದೆ. ಎರಡನೆಯ ಶತಮಾನದ್ದಿರಬೇಕೆಂದು ಹೆಚ್ಚಿನ ವಿದ್ವಾಂಸರ ಎಣಿಕೆ. ಕ್ರೈಸ್ತರು ಬೇರೆ ಊರು ಕಟ್ಟಿಕೊಂಡಿಲ್ಲ, ಅವರಿಗೆ ಬೇರೆ ಭಾಷೆಯಿಲ್ಲ, ಉಡುಗೆ ಊಟಗಳಲ್ಲಿ ಆಯಾ ಊರಿನ ರೂಢಿಯಂತೆಯೇ ನಡೆಯುತ್ತಾರೆ ಎಂದು ಅದರಲ್ಲಿದೆ. ಎಲ್ಲರಂತೆ ಅವರಿಗೂ ಮದುವೆ, ಮಕ್ಕಳು. ಆದರೆ ಹುಟ್ಟಿದ ಕೂಸನ್ನು ಎಸೆಯುವುದಿಲ್ಲ. ಬೇಡದ ಕೂಸನ್ನು ಬೀದಿಪಾಲು ಮಾಡುವುದು ರೋಮನ್ನರ ಕಾಲದಲ್ಲಿ ನಡೆದುಬಂದ ಪದ್ಧತಿ. ಊರೆಲ್ಲ ಮಾಡುತ್ತಿದ್ದುದನ್ನು ಇವರು ಮಾಡಲಿಲ್ಲ. ಲೋಕಕ್ಕೆ ಅವರ ಗುರುತು ಸಿಕ್ಕಿದ್ದು ಅಲ್ಲಿ.

ಅಷ್ಟು ದೂರವೇಕೆ, ನಿಮ್ಮ ಕರಾವಳಿಯನ್ನೇ ನೋಡಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಶೇಂದಿ ಇಳಿಸುತ್ತಿದ್ದ ಮನೆತನದಿಂದ ಸಭೆಗೆ ಸೇರಿದವನು ಆ ಕಸುಬನ್ನು ಬಿಡಬೇಕಿತ್ತು. ಕುಲದವರು ಹೊರಗಿಟ್ಟರೆ ನೆಲೆಯೂ ಹೋಗುತ್ತಿತ್ತು. ನೇಯ್ಗೆಯ ಮಗ್ಗಗಳು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ ಶುರುಮಾಡಿದ ಹಂಚಿನ ಕಾರ್ಖಾನೆ, ಇವುಗಳ ಹಿಂದೆ ಅಂಥವರ ಹೊಟ್ಟೆಪಾಡಿನ ಚಿಂತೆಯೂ ಇತ್ತು. ಪ್ರತ್ಯೇಕವಾಗಿ ನಿಲ್ಲುವುದಕ್ಕೆ ಅವರು ತಮ್ಮ ಅನ್ನವನ್ನೇ ಪಣಕ್ಕಿಟ್ಟರು. ಸಿನಿಮಾ ಬಿಟ್ಟರೆ ನಮಗಾಗುವ ನಷ್ಟವಾದರೂ ಏನು?

ಈಚೆಗೆ ವಿಶ್ವಾಸಿಗಳ ಮನೆಯೊಂದರಲ್ಲಿ ಮದುವೆಯ ಮಾತುಕತೆಗೆ ಕುಳಿತಿದ್ದೆ. ಕೀರ್ತನೆ ಹಾಡಿದೆವು, ಪ್ರಾರ್ಥನೆಯಾಯಿತು, ಕಾಫಿ ಬಂತು. ಆಮೇಲೆ ಹುಡುಗನ ಸೋದರಮಾವ ಗಂಟಲು ಸರಿಮಾಡಿಕೊಂಡು, "ನಮ್ಮದೇನೂ ಬೇಡಿಕೆಯಿಲ್ಲ, ನಿಮ್ಮ ಮಗಳಿಗೆ ನೀವು ಹಾಕುವುದನ್ನು ಹಾಕಿ, ಹುಡುಗ ಓಡಾಡಲು ಒಂದು ಕಾರು ಇದ್ದರೆ ಆಯಿತು" ಎಂದರು. ಹುಡುಗಿಯ ತಂದೆ ಕಾಫಿಯ ಲೋಟವನ್ನು ಮುಟ್ಟಲಿಲ್ಲ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಸರ್ಕಾರಕ್ಕೆ ಅಪರಾಧವೆಂದು ಕಂಡದ್ದು ನಮಗೆ ಪಾಪವೆಂದು ಇನ್ನೂ ಕಾಣುತ್ತಿಲ್ಲವಲ್ಲ, ಇದು ನನ್ನನ್ನು ಸುಡುತ್ತದೆ.

ಕ್ರೈಸ್ತ ವಧೂವರರ ಜಾಹೀರಾತುಗಳನ್ನು ಓದಿ. ಅಜ್ಜನ ಕಾಲಕ್ಕೇ ಬಿಟ್ಟೆವೆನ್ನುವ ಜಾತಿ ಅಲ್ಲಿ ಅಚ್ಚಾಗಿರುತ್ತದೆ. ಚಿನ್ನದುಂಗುರದವನಿಗೆ ಒಳ್ಳೆಯ ಪೀಠ ಕೊಟ್ಟು ಬಡವನನ್ನು ಕಾಲಬಳಿ ಕೂರಿಸಬೇಡಿ ಎಂದು ಸತ್ಯವೇದದ ತನ್ನ ಪತ್ರದಲ್ಲಿ ಯಾಕೋಬನು ಬರೆದದ್ದನ್ನು ಓದುವ ದೇವಾಲಯದಲ್ಲಿಯೇ ಸಮಾರಂಭದ ದಿನ ಮುಂದಿನ ಸಾಲು ಹಣವಂತರಿಗೆ ಮೀಸಲು. ಲೋಕದ ಕಲೆ ಹತ್ತದಂತೆ ನಿಮ್ಮನ್ನು ಕಾಪಾಡಿಕೊಳ್ಳಿ ಎಂದವನೂ ಅದೇ ಯಾಕೋಬ. ಅನಾಥರನ್ನೂ ವಿಧವೆಯರನ್ನೂ ನೋಡಿಕೊಳ್ಳಿ ಎಂಬ ಮಾತು ಅದೇ ವಾಕ್ಯದಲ್ಲಿದೆ. ನಾವು ಒಂದು ತುಂಡನ್ನು ಮಾತ್ರ ಬಾಯಿಪಾಠ ಮಾಡಿಸುತ್ತಿದ್ದೇವೆ. ಮಕ್ಕಳು ಸಭೆಯಿಂದ ಜಾರುತ್ತಿದ್ದಾರೆಂದು ಗೋಳಾಡುವ ಹಿರಿಯರು, ಆ ಮಕ್ಕಳು ಮನೆಯೊಳಗೆ ಏನನ್ನು ನೋಡುತ್ತಾ ಬೆಳೆದರೆಂದು ಕೇಳಿಕೊಳ್ಳಲಿ.

ಇನ್ನು ಗೃಹಪ್ರವೇಶದ ಊಟ. ಕರೆದರೆ ಹೋಗಿ, ಬಡಿಸಿದ್ದನ್ನು ಉಣ್ಣಿ, ಕೆದಕಬೇಡಿ. ಇದು ವಿಗ್ರಹಕ್ಕೆ ಅರ್ಪಿಸಿದ್ದೆಂದು ಯಾರಾದರೂ ತಿಳಿಸಿದರೆ, ತಿಳಿಸಿದವನ ಮನಸ್ಸಾಕ್ಷಿಗಾಗಿ ಬಿಡಿ. ಇದೂ ಪೌಲನದೇ, ಕೊರಿಂಥದವರಿಗೆ ಬರೆದ ಅದೇ ಮೊದಲ ಪತ್ರದ ಹತ್ತನೆಯ ಅಧ್ಯಾಯ. ನಿಮ್ಮ ಸಭೆಯಲ್ಲಿ ಮುಂದಿನ ಮದುವೆಯ ಪ್ರಕಟಣೆ ಓದುವ ಮುನ್ನ ಕೊಡುಕೊಳ್ಳುವಿಕೆಯ ವಿಷಯವನ್ನು ಹಿರಿಯರ ಸಮಿತಿಯ ಮುಂದೆ ಎತ್ತಿ. ಅವರು ಏನೆಂದರೆಂದು ಬರೆದು ಕಳುಹಿಸಿ. ಒಂದಕ್ಷರ ಬಿಡದೆ ಪ್ರಕಟಿಸುತ್ತೇನೆ.