ರಕ್ತದ ಚೀಲ ವಾರ್ಡಿಗೆ ಬಂದ ಮೇಲೆ

ಪ್ರಶ್ನೆ: ನಮ್ಮದು ಸಣ್ಣ ಆಸ್ಪತ್ರೆ, ರಕ್ತನಿಧಿ ದೂರ. ತರಿಸಿದ ರಕ್ತ ತೀರಾ ತಣ್ಣಗಿದೆಯೆಂದು ಕೆಲವರು ಚೀಲವನ್ನು ಬಿಸಿನೀರಿನಲ್ಲಿ ಇಡುತ್ತಾರೆ. ತಡವಾಗುವುದಾದರೆ ವಾರ್ಡಿನ ಔಷಧಿ ಫ್ರಿಜ್ಜಿಗೆ ಹಾಕುತ್ತಾರೆ. ಇದು ಸರಿಯೇ?

ಉತ್ತರ: ಎರಡೂ ಬೇಡ. ಬಿಸಿನೀರಿನ ಶಾಖಕ್ಕೆ ಕೆಂಪು ರಕ್ತಕಣಗಳು ಒಡೆಯುತ್ತವೆ. ವಯಸ್ಕರಿಗೆ ನಿಧಾನವಾಗಿ ಒಂದೆರಡು ಚೀಲ ಹಾಕುವಾಗ ಬೆಚ್ಚಗೆ ಮಾಡುವ ಅಗತ್ಯವೇ ಇಲ್ಲ.

ರಕ್ತ ಇರಬೇಕಾದದ್ದು 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಔಷಧಿ ಫ್ರಿಜ್ಜಿನ ಬಾಗಿಲು ದಿನವಿಡೀ ತೆರೆದು ಮುಚ್ಚುತ್ತಿರುತ್ತದೆ, ಫ್ರೀಜರ್ ಪಕ್ಕಕ್ಕೆ ಸರಿದ ಚೀಲ ಹೆಪ್ಪುಗಟ್ಟಿಬಿಡುತ್ತದೆ. ಹಾಗೆ ಹೆಪ್ಪುಗಟ್ಟಿ ಕರಗಿದ ರಕ್ತವೂ ಕೆಟ್ಟಂತೆಯೇ. ಚೀಲವನ್ನು ಅಲುಗಾಡಿಸದೆ ನೋಡಿ: ಮೇಲೆ ನಿಂತ ತಿಳಿ ಹಳದಿಯ ಬದಲು ಕೆಂಪಗೆ ಕಂಡರೆ, ಗಡ್ಡೆಗಳಿದ್ದರೆ, ಎಲ್ಲಾದರೂ ಸೋರುತ್ತಿದ್ದರೆ ವಾಪಸ್ ಕಳಿಸಿ. ಸಾಗಿಸುವ ಪೆಟ್ಟಿಗೆಯಲ್ಲೂ ಐಸ್ ನೇರವಾಗಿ ಚೀಲಕ್ಕೆ ತಾಗಬಾರದು.

ಹಾಗಾಗಿ ಸೂಜಿ ಹಾಕಿ, ಜ್ವರ, ನಾಡಿ, ಬಿಪಿ ಬರೆದಿಟ್ಟ ಮೇಲೆಯೇ ಚೀಲ ಹೊರತೆಗೆಯಿರಿ. 30 ನಿಮಿಷದೊಳಗೆ ಶುರು ಮಾಡಿ, 4 ಗಂಟೆಯೊಳಗೆ ಮುಗಿಸಿ. ತಡವಾದಷ್ಟೂ ಬ್ಯಾಕ್ಟೀರಿಯಾ ಬೆಳೆಯುವ ಅಪಾಯ ಹೆಚ್ಚು.

ನೀವು ಕೇಳಿಲ್ಲ, ಆದರೂ ಹೇಳಬೇಕು: ಗುಂಪು ಹೊಂದದ ರಕ್ತ ಹೋಗುವುದು ಹೆಚ್ಚಾಗಿ ಲ್ಯಾಬಿನ ತಪ್ಪಿನಿಂದಲ್ಲ, ಹೆಸರು ಅದಲುಬದಲಾಗುವುದರಿಂದ. ಸ್ಯಾಂಪಲ್ ತೆಗೆದ ಕೂಡಲೇ ರೋಗಿಯ ಮಂಚದ ಬಳಿಯೇ ಟ್ಯೂಬಿಗೆ ಲೇಬಲ್ ಬರೆಯಿರಿ; ಮೊದಲೇ ಬರೆದಿಟ್ಟುಕೊಂಡ ಟ್ಯೂಬು ಬೇಡ. ರಕ್ತ ಹಾಕುವ ಮುನ್ನ "ನೀವು ಇಂಥವರು ತಾನೇ?" ಎಂದರೆ ನಿದ್ದೆಗಣ್ಣಿನ ರೋಗಿ ಹೂಂ ಎಂದುಬಿಡುತ್ತಾರೆ. "ನಿಮ್ಮ ಹೆಸರೇನು?" ಎಂದು ಕೇಳಿ. ಹೆಸರು, ಆಸ್ಪತ್ರೆ ನಂಬರ್, ಗುಂಪು, ಚೀಲದ ನಂಬರ್, ಅವಧಿ ದಿನಾಂಕ ಇಷ್ಟನ್ನೂ ಇಬ್ಬರು ಬೇರೆಬೇರೆಯಾಗಿ ಓದಿ ತಾಳೆ ನೋಡಬೇಕು.

ಮೊದಲ 15 ನಿಮಿಷ ನಿಧಾನಕ್ಕೆ ಬಿಟ್ಟು ಪಕ್ಕದಲ್ಲೇ ಇರಿ. ಚಳಿನಡುಕ, ಸೊಂಟನೋವು, ಉಸಿರುಗಟ್ಟುವಿಕೆ ಅಥವಾ ಕೆಂಪು ಮೂತ್ರ ಕಂಡರೆ ತಕ್ಷಣ ನಿಲ್ಲಿಸಿ. ಸೂಜಿ ತೆಗೆಯಬೇಡಿ, ಹೊಸ ಸೆಟ್ (ಡ್ರಿಪ್ಪಿನ ನಳಿಕೆ) ಹಾಕಿ ಸಲೈನ್ (ಉಪ್ಪುನೀರಿನ ಡ್ರಿಪ್) ಬಿಟ್ಟು ಡಾಕ್ಟರನ್ನು ಕರೆಯಿರಿ. ಹೆಸರನ್ನು ಮತ್ತೆ ತಾಳೆ ನೋಡಿ, ಚೀಲ, ಹಳೆಯ ಸೆಟ್, ಹೊಸ ಸ್ಯಾಂಪಲ್ ಮೂರನ್ನೂ ರಕ್ತನಿಧಿಗೆ ಕಳಿಸಿ.

ಪ್ರಶ್ನೆ: ಅದೇ ಲೈನಿನಲ್ಲಿ ಗ್ಲೂಕೋಸ್ ಹಾಕಬಹುದೇ?

ಉತ್ತರ: ಬೇಡ. ಗ್ಲೂಕೋಸ್ ಡ್ರಿಪ್ ಎಂದರೆ 5% ಡೆಕ್ಸ್‌ಟ್ರೋಸ್, ಅದಕ್ಕೆ ಕಣಗಳು ಒಡೆಯುತ್ತವೆ. ರಿಂಗರ್ ಲ್ಯಾಕ್ಟೇಟ್ ಎಂಬ ಇನ್ನೊಂದು ಡ್ರಿಪ್ಪಿನ ಕ್ಯಾಲ್ಸಿಯಂನಿಂದ ರಕ್ತ ಹೆಪ್ಪುಗಟ್ಟಬಹುದು. 0.9% ಸಲೈನ್ ಮಾತ್ರ ಸರಿ, ಅದೂ ಫಿಲ್ಟರ್ ಇರುವ ರಕ್ತದ ಸೆಟ್ಟಿನಲ್ಲೇ. ಇಂಜೆಕ್ಷನ್ನುಗಳನ್ನೂ ಚೀಲಕ್ಕೆ ಸೇರಿಸಬೇಡಿ.